ಅಧ್ಯಕ್ಷರ ಯಜಮಾನರು

ನಮ್ಮೂರ ಗ್ರಾಮ ಪಂಚಾಯತಿಯ ಕಚೇರಿಯಲ್ಲಿ, ಅಧ್ಯಕ್ಷರ ಪೀಠದ ಎಡಮಗ್ಗುಲಿಗೆ, ಯಾವ ದಾಸ್ತಾನು ಪುಸ್ತಕದಲ್ಲಿಯೂ ನಮೂದಾಗದ ಇನ್ನೊಂದು ಕುರ್ಚಿಯುಂಟು. ಗರಿಮುರಿಯಾದ ಬಿಳಿಯಂಗಿಯನ್ನು ತೊಟ್ಟು, ಎರಡು ಮೊಬೈಲುಗಳನ್ನು ಮುಂದಿಟ್ಟುಕೊಂಡು, ಬಂದವರೆಲ್ಲರ ಅರ್ಜಿಗಳನ್ನು ತಾವೇ ಈಸಿಕೊಳ್ಳುತ್ತ ಅದರಲ್ಲಿ ವಿರಾಜಮಾನರಾಗಿರುವ ಮಹನೀಯರು ಚುನಾವಣೆಗೆ ನಿಂತವರಲ್ಲ, ಗೆದ್ದವರಲ್ಲ; ನಿಂತು ಗೆದ್ದವಳ ಕೈಹಿಡಿದವರು. ಊರವರು ಇವರನ್ನು ‘ಅಧ್ಯಕ್ಷರೇ’ ಎಂದು ಸಂಬೋಧಿಸುತ್ತಾರೆ. ಪೀಠದಲ್ಲಿರುವ ಆಕೆಯನ್ನು ‘ಅಧ್ಯಕ್ಷರ ಮನೆಯವರು’ ಎನ್ನುತ್ತಾರೆ.

ಈ ವರ್ಗದ ಉತ್ಪತ್ತಿಗೆ ಸದುದ್ದೇಶದ ಶಾಸನಗಳೇ ಕಾರಣವಾದುದು ವಿಧಿಯ ವಿನೋದ. ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಕಾಲದ 1983ರ ಕಾಯಿದೆಯು ಮಂಡಲ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿರಿಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಅಧ್ಯಕ್ಷ ಪದವಿಗಳನ್ನೂ ಒಳಗೊಂಡಂತೆ ಮೂರನೆಯ ಒಂದು ಪಾಲನ್ನು ವಿಧಿಸಿತು. ಮುಂದೆ ಕರ್ನಾಟಕವು ಅದನ್ನು ಅರ್ಧಕ್ಕೇರಿಸಿತು. ಹೀಗೆ ಪಾಲು ಬೆಳೆಯುತ್ತ ಹೋದಂತೆ ಪೀಠಭ್ರಷ್ಟರಾದ ಗಂಡಸರು ವಿರಕ್ತರಾಗಿ ಕಾಡಿಗೆ ಹೋಗಲಿಲ್ಲ; ಅಡುಗೆಮನೆಯ ಕಡೆಗೆ ತಿರುಗಿ ನೋಡಿದರು. ಅಲ್ಲೊಬ್ಬ ಅರ್ಹ ಅಭ್ಯರ್ಥಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕರಪತ್ರದಲ್ಲಿ ಆಕೆಯ ಭಾವಚಿತ್ರ ಅಂಚೆಚೀಟಿಯಷ್ಟು. ಕೈಮುಗಿದು ನಿಂತ ಯಜಮಾನರದು ಉಳಿದ ಕಾಗದವೆಲ್ಲ.

ನನ್ನ ಪ್ರಾರಬ್ಧವು ನನ್ನನ್ನು ಆ ಎಡಗುರ್ಚಿಯ ಸನ್ನಿಧಿಗೆ ಎಳೆದೊಯ್ದುದು ಮನೆಯ ಮೇಲೊಂದು ಮಹಡಿ ಕಟ್ಟಿಸಲು ಪರವಾನಗಿಯನ್ನು ಬೇಡುವ ಸಂದರ್ಭದಲ್ಲಿ. ಯಜಮಾನರು ಅರ್ಜಿಯನ್ನು ಮೊಬೈಲಿನಡಿಗೆ ಸೇರಿಸಿ, ಕಿತ್ತೂರು ಚೆನ್ನಮ್ಮನಿಂದಾರಂಭಿಸಿ ಒನಕೆ ಓಬವ್ವನವರೆಗೆ, ಎರಡು ಸಲ ಚಹಾ ಬಂದುಹೋಗುವಷ್ಟು ಹೊತ್ತು, ಸ್ತ್ರೀಸಬಲೀಕರಣವನ್ನು ಕುರಿತು ನಿರರ್ಗಳವಾಗಿ ಉಪನ್ಯಾಸ ಮಾಡಿದರು. ನಡುವೆ ಅಧ್ಯಕ್ಷೆಯು ಏನನ್ನೋ ಹೇಳಹೊರಟಾಗ, “ನೀನು ಸುಮ್ಮನಿರು, ನಾನು ಹೇಳುತ್ತಿದ್ದೇನಲ್ಲ” ಎಂದು ತಡೆದು, “ಹೆಣ್ಣು ಬಾಯಿಬಿಟ್ಟು ಮಾತಾಡುವ ಕಾಲ ಬಂದಿದೆ ಸಾರ್” ಎಂದು ನನ್ನತ್ತ ತಿರುಗಿದರು. ಅರ್ಜಿಯ ಆಸೆಗೆ ನಾನು ತಲೆದೂಗಿದೆನು.

ಆಗ ಆಕೆ, ಕನ್ನಡಕವನ್ನು ಮನೆಯಲ್ಲಿಯೇ ಮರೆತುಬಂದೆನೆಂದೂ ದಯಮಾಡಿ ತಂದುಕೊಡಬೇಕೆಂದೂ ವಿನಯದಿಂದ ವಿಜ್ಞಾಪಿಸಿದರು. ಮನೆಯಿರುವುದು ಊರಿನ ಆಚೆಯ ತುದಿಯಲ್ಲಿ. ಯಜಮಾನರು ಹೊರಟ ಕೂಡಲೇ ಅರ್ಜಿಯನ್ನೆಳೆದುಕೊಂಡು, ಕನ್ನಡಕದ ಹಂಗಿಲ್ಲದೆ ಕೊನೆಯ ಸಾಲಿನವರೆಗೂ ಓದಿದರು; ಸಭೆಯ ದಿನಗಳಲ್ಲಿ ಈ ಮರೆವು ತಪ್ಪಿದ್ದಲ್ಲವೆಂದು ಬಿಲ್ ಕಲೆಕ್ಟರು ನನ್ನ ಕಿವಿಯಲ್ಲುಸುರಿದನು.

“ಜಾಗ ನಿಮ್ಮ ಮನೆಯವರ ಹೆಸರಿನಲ್ಲಿದೆ. ಸಹಿ ಮಾತ್ರ ನಿಮ್ಮದು?”

“ಪಾಪ, ಅವಳಿಗೆ ಈ ಕಚೇರಿಯ ವ್ಯವಹಾರಗಳೆಲ್ಲ ತಿಳಿಯವು” ಎಂದೆನು. ಅಷ್ಟರಲ್ಲಿ ಏದುಸಿರು ಬಿಡುತ್ತ ಕನ್ನಡಕದೊಡನೆ ಪ್ರವೇಶಿಸಿದ ಯಜಮಾನರು ಸಂಪೂರ್ಣ ಸಹಾನುಭೂತಿಯಿಂದ ನನಗೆ ತಲೆದೂಗಿದರು. ಅಧ್ಯಕ್ಷೆ ಅರ್ಜಿಯನ್ನು ನನಗೇ ಹಿಂತಿರುಗಿಸಿ, “ಅವರೇ ಸಹಿ ಮಾಡಲಿ” ಎಂದರು.

ಇಷ್ಟಾದರೂ ಆ ಮನುಷ್ಯನನ್ನು ನಾನು ದ್ವೇಷಿಸಲಾರೆನು. ಅರ್ಧರಾತ್ರಿಯಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟುಹೋದರೆ, ಟಾರ್ಚು ಹಿಡಿದು ಮೆಕ್ಯಾನಿಕನ ಕದ ತಟ್ಟುವವರು ಅವರೇ. ಪ್ರಾಯದಿಂದಲೂ ಆ ಪೀಠಕ್ಕಾಗಿ ಹಂಬಲಿಸಿ, ಸರದಿಯ ಮೀಸಲಾತಿಯು ಪ್ರತಿಸಲವೂ ತಮ್ಮನ್ನು ದಾಟಿಹೋದುದನ್ನು ಕಂಡವರ ಕಣ್ಣಿನಲ್ಲಿ ಒಂದು ಬಗೆಯ ದೈನ್ಯವಿರುತ್ತದೆ. ಅದು ಇವರ ಕಣ್ಣಿನಲ್ಲಿಯೂ ಇದೆ. ಆದರೆ ಊರಿಗೆ ನೀರು ತರಿಸಲು ಹೆಂಡತಿಯ ಪದವಿಯನ್ನು ಹೊದ್ದುಕೊಳ್ಳಬೇಕಾದುದಿಲ್ಲ, ಟಾರ್ಚಿದ್ದರೆ ಸಾಕು. ಶಾಸನವು ಸ್ತ್ರೀಗೆ ಪೀಠವನ್ನು ಕೊಡಬಲ್ಲುದೇ ಹೊರತು, ಅವಳ ಪರವಾಗಿ ಮಾತನಾಡುವ ನಮ್ಮ ಚಾಪಲ್ಯವನ್ನು ಬಿಡಿಸಲಾರದು. ಅದನ್ನು ನಾವೇ ಬಿಡತಕ್ಕುದು.

ಈ ತತ್ತ್ವವನ್ನೆಲ್ಲ ಅಂದು ಸಂಜೆ ನನ್ನಾಕೆಗೆ ಸವಿಸ್ತಾರವಾಗಿ ಬೋಧಿಸಿ, ನಾನು ಗುರುತುಮಾಡಿದ ಸ್ಥಳದಲ್ಲಿ ಸಹಿಹಾಕೆಂದೆನು. ಅವಳು ಅರ್ಜಿಯನ್ನು ನಿಧಾನವಾಗಿ ಓದಿ, ಮಹಡಿಯನ್ನು ಹೊಡೆದುಹಾಕಿ, ಹಿತ್ತಿಲ ಕಡೆಗೊಂದು ಕೋಣೆಯೆಂದು ತಿದ್ದಿ, ಮರುದಿನ ತಾನೇ ಹೋಗಿ ಕೊಟ್ಟುಬಂದಳು. ಪರವಾನಗಿ ಮಂಜೂರಾಗಿದೆ.