ಹದಿಮೂರು ಎಚ್‌ಪಿ ಹೋಂ ಥಿಯೇಟರ್

ಅಜ್ಜಂಪುರದ ನಮ್ಮ ಭಾಮೈದ ಹೊತ್ತು ತಂದ ರಟ್ಟಿನ ಬಾಕ್ಸಿನ ಮೇಲೆ ‘10,000 ವ್ಯಾಟ್’ ಅಂತ ಬಸ್ಸಿನ ಬೋರ್ಡಿನಷ್ಟು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಬೆಲೆ ಹತ್ತು ಸಾವಿರಕ್ಕೂ ಒಳಗೆ. “ವ್ಯಾಟಿಗೆ ಒಂದು ರೂಪಾಯಿಯೂ ಬೀಳಲಿಲ್ಲ ಭಾವ” ಅಂತ ಮೀಸೆ ತಿರುವಿದ. ನಾನು ಬಾಯಿಲೆಕ್ಕ ಹಾಕಿದೆ. 746 ವ್ಯಾಟಿಗೆ ಒಂದು ಎಚ್‌ಪಿ. ಹತ್ತು ಸಾವಿರ ವ್ಯಾಟಿಗೆ ಹದಿಮೂರು ಚಿಲ್ಲರೆ. ಅವರ ತೋಟದ ಬೋರ್‌ವೆಲ್ಲಿನ ಮೋಟಾರೇ ಹತ್ತು ಎಚ್‌ಪಿ. ಅದಕ್ಕೆ ತ್ರೀ ಫೇಸ್ ಬೇಕು, ಸ್ಟಾರ್ಟರ್ ಬೇಕು, ರಾತ್ರಿ ಕರೆಂಟು ಬಂದಾಗ ಟಾರ್ಚು ಹಿಡಿದು ಓಡುವ ನಮ್ಮ ಮಾವನೂ ಬೇಕು. ಅದಕ್ಕಿಂತ ದೊಡ್ಡದಾದ ಈ ಹದಿಮೂರು ಎಚ್‌ಪಿ ಯಂತ್ರಕ್ಕೆ ಟಿವಿ ಪಕ್ಕದ ಎರಡು ಪಿನ್ನಿನ ಸಾಕೆಟ್ಟೇ ಸಾಕಂತೆ.

“ಹಾಗಾದ್ರೆ ಇದನ್ನೇ ಬೋರಿಗೆ ಇಳಿಸು ಮಾರಾಯ, ನೀರು ಅಟ್ಟಕ್ಕೆ ಬರುತ್ತೆ” ಅಂದೆ. ಅವನಿಗೆ ನಗು ಬರಲಿಲ್ಲ.

ಬಾಕ್ಸನ್ನು ಅಂಗಾತ ಮಲಗಿಸಿ ಅಡಿಭಾಗ ಓದಿದೆವು. ಸತ್ಯ ಯಾವಾಗಲೂ ಅಡಿಯಲ್ಲೇ, ಇರುವೆ ಅಕ್ಷರದಲ್ಲೇ ಇರುತ್ತದೆ: ‘ಇನ್‌ಪುಟ್ 60 ವ್ಯಾಟ್’. ಗೋಡೆಯಿಂದ ಅರವತ್ತು ವ್ಯಾಟ್ ಕುಡಿದು ಹತ್ತು ಸಾವಿರ ಕಕ್ಕುವ ಯಂತ್ರ ನಿಜಕ್ಕೂ ಇದ್ದಿದ್ದರೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಕಟ್ಟಿ ಪವರ್ ಹೌಸು ನಡೆಸುವ ರಗಳೆಯೇ ಇರುತ್ತಿರಲಿಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಂಥ ನಾಲ್ಕು ಪೆಟ್ಟಿಗೆ ಇಟ್ಟಿದ್ದರೆ ಜಿಲ್ಲೆಗೆಲ್ಲ ದೀಪ. ದಪ್ಪಕ್ಷರದ ಪಕ್ಕದಲ್ಲಿ ‘ಪಿಎಂಪಿಒ’ ಅಂತ ಇನ್ನೊಂದು ಮಾತಿತ್ತು. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಒಂದು ಗುಕ್ಕಿನ ಲೆಕ್ಕ ಅದು, ಅಳತೆಗೆ ಗೊತ್ತಾದ ಕಟ್ಟಳೆಯೇ ಇಲ್ಲ. ಮಾರುವವನ ಧೈರ್ಯ ಎಷ್ಟೋ ಅಷ್ಟು ಸೊನ್ನೆ. ನೋಡಬೇಕಾದ್ದು ‘ಆರ್‌ಎಂಎಸ್’ ಅನ್ನುವ ಬಡಪಾಯಿ ಅಂಕಿಯನ್ನು. ಅದು ಇಪ್ಪತ್ತೋ ನಲವತ್ತೋ ಇರುತ್ತದೆ, ನಿಜ ಹೇಳುತ್ತದೆ, ಅದಕ್ಕೇ ಅದನ್ನು ಯಾರೂ ದೊಡ್ಡದಾಗಿ ಅಚ್ಚು ಹಾಕಿಸುವುದಿಲ್ಲ.

ಇನ್ನೊಂದು ಗುಟ್ಟು ಕೇಳಿ. ಐವತ್ತು ವ್ಯಾಟಿನ ಸೆಟ್ಟು ಬಿಟ್ಟು ನೂರು ವ್ಯಾಟಿನದು ತಂದರೆ ಸದ್ದು ಎರಡರಷ್ಟಾಗುವುದಿಲ್ಲ. ಮೂರು ಡೆಸಿಬೆಲ್ ಏರುತ್ತದೆ, ಅಂದರೆ ಪಕ್ಕದ ಮನೆಯವರು ಹುಬ್ಬು ಏರಿಸುವಷ್ಟೂ ಇಲ್ಲ. ಕಿವಿಗೆ ಎರಡರಷ್ಟು ಅನಿಸಬೇಕಾದರೆ ಶಕ್ತಿ ಹತ್ತರಷ್ಟಾಗಬೇಕು. ಹನ್ನೆರಡಕ್ಕೆ ಹದಿನೈದಡಿಯ ನಡುಮನೆಗೆ ನಿಜವಾದ ಇಪ್ಪತ್ತು ಮೂವತ್ತು ವ್ಯಾಟೇ ಧಾರಾಳ. ಬಾಕ್ಸಿನ ಸೀಲು ಒಡೆದಿರಲಿಲ್ಲ, ಬಿಲ್ಲೂ ಜೇಬಲ್ಲಿತ್ತು. ಹದಿಮೂರು ಎಚ್‌ಪಿ ಬಂದ ಆಟೋದಲ್ಲೇ ಹಿಂದಕ್ಕೆ ಹೋಯಿತು. ಭಾಮೈದನ ಜೇಬಿನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ, ಕಣ್ಣಲ್ಲಿ ನನ್ನ ಮೇಲೆ ಸಿಟ್ಟು.

ಅವನಿಗೆ ಬೇಕಾದದ್ದು ಏನು ಅಂತ ಕೇಳಿದರೆ “ಎದೆ ಗುದ್ದಬೇಕು ಭಾವ.” ಕಡೂರು, ಬೀರೂರು, ಅಜ್ಜಂಪುರ ಎಲ್ಲಿ ಬೇಕಾದರೂ ಗಂಡುಹುಡುಗರನ್ನು ಕೇಳಿ, ಇದೇ ಉತ್ತರ. ಗಣಪತಿ ಬಿಡುವ ದಿನದ ಡಿಜೆ ಮಾಡಿದ ಅನಾಹುತ ಇದು. ಆದರೆ ಆ ಟಿವಿ ಮುಂದೆ ದಿನಾ ಕೂರುವವರು ಯಾರು? ನಮ್ಮ ಅತ್ತೆ. ಹಡಗಲಿಯ ಮೈಲಾರದಲ್ಲಿ ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದ ಕೂಡಲೇ ಲಕ್ಷಗಟ್ಟಲೆ ಜನ ಗಪ್ಪಾಗುತ್ತಾರಲ್ಲ, ಸಂಜೆ ಧಾರಾವಾಹಿ ಶುರುವಾದಾಗ ಆ ಮನೆಯಲ್ಲಿ ಅತ್ತೆಯ ಕೆಮ್ಮಿಗೂ ಅಷ್ಟೇ ಅಧಿಕಾರ. ಅವರ ದೂರು ಎದೆ ಗುದ್ದಲಿಲ್ಲ ಅಂತ ಅಲ್ಲವೇ ಅಲ್ಲ. “ಸೊಸೆ ಬಾಗಿಲಾಚೆ ಏನು ಪಿಸುಗುಟ್ಟಿದಳು ಅಂತ ಕೇಳಿಸ್ಲಿಲ್ಲ ಕಣೋ. ಬಾಗಿಲು ಹಾಕಿದ್ದು ಮಾತ್ರ ಗುಡುಗು ಬಡಿದ ಹಾಗೆ ಕೇಳಿಸ್ತು.”

ಪ್ರಪಂಚದ ಧ್ವನಿತಜ್ಞರೆಲ್ಲ ತಲೆ ಕೆಡಿಸಿಕೊಂಡ ಸಮಸ್ಯೆಯನ್ನು ಆಯಮ್ಮ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಈಗಿನ ಟಿವಿಗಳು ತೆಳ್ಳಗಾಗಿ ಆಗಿ ಸ್ಪೀಕರಿಗೆ ಜಾಗವೇ ಇಲ್ಲ; ಇದ್ದ ಚೂರು ಸ್ಪೀಕರು ಬೆನ್ನಿಗೋ ಕೆಳಕ್ಕೋ ಮುಖ ಮಾಡಿ ಗೋಡೆಯ ಹತ್ತಿರ ಮಾತಾಡುತ್ತದೆ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಸೆಟ್ಟು ಕಟ್ಟುವವನು ಮೊದಲು ಮಾತಿಗೆ ದುಡ್ಡು ಹಾಕಬೇಕು, ಗುಡುಗಿಗೆ ಆಮೇಲೆ. ಇಷ್ಟನ್ನು ಭಾಮೈದನಿಗೆ ಒಪ್ಪಿಸಲು ನನಗೆ ಹಿಡಿದ ಕಾಲದಲ್ಲಿ ಒಬ್ಬ ವಕೀಲ ಜಮೀನಿನ ವ್ಯಾಜ್ಯ ಗೆದ್ದಿರುತ್ತಿದ್ದ.

ಹಳಬರನ್ನು ಕೇಳಿ ಬೇಕಾದರೆ. ಟೆಂಟ್ ಸಿನಿಮಾದಲ್ಲಿ ಇದ್ದದ್ದು ಪರದೆ ಹಿಂದಿನ ಒಂದೇ ಕಡೆಯ ಸದ್ದು, ಹೊರಗೆ ಕಂಬಕ್ಕೆ ಕಟ್ಟಿದ ಹಾರ್ನು. ಘಂಟಸಾಲ ಅವರ ‘ನಮೋ ವೆಂಕಟೇಶ’ ಆ ಹಾರ್ನಿನಲ್ಲಿ ಶುರುವಾಯಿತೆಂದರೆ ಸುತ್ತಲ ಹಳ್ಳಿಯವರು ಉಣ್ಣುವ ತಟ್ಟೆ ಬಿಟ್ಟು ಗಾಡಿ ಕಟ್ಟುತ್ತಿದ್ದರು. ಹಾರ್ನಿನ ಬಾಯಿ ಸದ್ದನ್ನು ಚೆಲ್ಲದೆ ಒಂದೇ ಕಡೆ ತಳ್ಳುತ್ತದೆ, ಅದಕ್ಕೇ ಕೆಲವೇ ವ್ಯಾಟಿನಲ್ಲಿ ಅಷ್ಟು ದೂರ. 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದು ನೇಗಿಲು ಹಿಡಿದವರಿದ್ದಾರೆ ಅಂತ ಹೇಳುತ್ತಾರಲ್ಲ, ಅವರಿಗೆ ರಾಜ್‌ಕುಮಾರ್ ಮಾತು ಹಿಂದಿನಿಂದ, ಎಡದಿಂದ, ತಲೆ ಮೇಲಿಂದ ಬಂದಿರಲಿಲ್ಲ. ಎದುರಿನಿಂದ ಬಂತು, ಸ್ಪಷ್ಟವಾಗಿ ಬಂತು, ಸಾಕಾಯಿತು.

ಐದು ಪಾಯಿಂಟ್ ಒಂದು ಅನ್ನುವ ಲೆಕ್ಕವನ್ನೂ ಇಲ್ಲೇ ಬಿಡಿಸಿಬಿಡೋಣ. ಮುಂದೆ ಎಡ ಬಲ ಎರಡು, ನಡುವೆ ಒಂದು, ಹಿಂದೆ ಎರಡು. ಇಡೀ ಮನೆ ಅಲ್ಲಾಡಿಸುವ, ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯಾದ ಸಬ್‌ವೂಫರಿಗೆ ಮಾತ್ರ ಸರ್ಕಾರಿ ಲೆಕ್ಕದಲ್ಲಿ ‘ಪಾಯಿಂಟ್ ಒಂದು’! ಯಾಕೆಂದರೆ ಅದರ ಪಾಲಿಗೆ ಬರುವುದು 120 ಹರ್ಟ್ಜ್‌ವರೆಗಿನ ಗುಡುಗು ಮಾತ್ರ, ಉಳಿದವಕ್ಕೆ ಇಪ್ಪತ್ತು ಸಾವಿರದವರೆಗೆ ಹರವು. ಈ ಡಿಜಿಟಲ್ ಪದ್ಧತಿಯನ್ನು 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಜೊತೆ ಚಿತ್ರಮಂದಿರಕ್ಕೆ ತಂದದ್ದು ಡಾಲ್ಬಿ ಕಂಪನಿ. ಆ ಕಂಪನಿ ಕಟ್ಟಿದ ರೇ ಡಾಲ್ಬಿ 1963ರಿಂದ 65ರವರೆಗೆ ಯುನೆಸ್ಕೋ ಸಲಹೆಗಾರನಾಗಿ ನಮ್ಮ ದೇಶದಲ್ಲೇ ಇದ್ದ ಮನುಷ್ಯ. ಆಮೇಲೆ ಲಂಡನ್ನಿಗೆ ಹೋಗಿ ಅಂಗಡಿ ತೆರೆದ. ಟೇಪಿನ ‘ಸ್ಸ್…’ ಅನ್ನುವ ಸದ್ದನ್ನು ತಗ್ಗಿಸುವುದು ಅವನ ಮೊದಲ ಕಸುಬು. ಇವತ್ತು ಅವನ ಹೆಸರಿನ ಸ್ಟಿಕ್ಕರ್ ಅಂಟಿಸಿಕೊಂಡು ‘ಗುಂಯ್’ ಅನ್ನುವ ಎಷ್ಟು ಸೆಟ್ಟುಗಳು ನಮ್ಮ ಸೀಮೆಯಲ್ಲಿವೆ ಅಂತ ನೋಡಿದ್ದರೆ ಪಾಪ, ಇಲ್ಲೇ ಉಳಿದು ರಿಪೇರಿ ಅಂಗಡಿ ಇಡುತ್ತಿದ್ದನೇನೋ.

ಸಿನಿಮಾದ ಮಾತು ಹೆಚ್ಚಾಗಿ ಬರುವುದು ಆ ನಡುವಿನ ಪೆಟ್ಟಿಗೆಯಿಂದ. ಹತ್ತು ಸಾವಿರದಲ್ಲಿ ಆಂಪ್ಲಿಫೈಯರು, ಸಬ್‌ವೂಫರು ಕಳೆದು ಉಳಿದದ್ದನ್ನು ಐದಕ್ಕೆ ಹಂಚಿದರೆ ಒಂದೊಂದಕ್ಕೆ ಸಾವಿರವೂ ದಕ್ಕುವುದಿಲ್ಲ. ದಕ್ಕಿದ ಐದೂ ಮೂಗಿನಲ್ಲಿ ಮಾತಾಡುತ್ತವೆ. ಅದಕ್ಕಿಂತ ಎರಡೇ ಒಳ್ಳೆ ಪೆಟ್ಟಿಗೆ ವಾಸಿ. ಕೇಬಲ್ ಟಿವಿ, ಯೂಟ್ಯೂಬು ಹೆಚ್ಚಾಗಿ ಕೊಡುವುದೂ ಎರಡೇ ದಾರಿಯ ಸದ್ದು. ಟಿವಿಯ ಎಡಕ್ಕೊಂದು ಬಲಕ್ಕೊಂದು ಸಮಾನ ದೂರದಲ್ಲಿಟ್ಟು, ಕೀರಲು ಸದ್ದಿನ ಪುಟ್ಟ ಸ್ಪೀಕರು, ಅಂದರೆ ಟ್ವೀಟರು, ಕೂತವರ ಕಿವಿಯ ಎತ್ತರಕ್ಕೆ ಬಂದರೆ, ಮಾತು ಎರಡರ ನಡುವೆ, ಏನೂ ಇಲ್ಲದ ಜಾಗದಿಂದ ಎದ್ದು ಬಂದಂತೆ ಕೇಳುತ್ತದೆ. ಒಂದೇ ಷರತ್ತು: ಕೇಳುವವರು ನಟ್ಟನಡುವೆ ಕೂತಿರಬೇಕು. ಹಾಗಾಗಿ ನಾವು ಮಾಡಿದ ಮೊದಲ ಖರ್ಚಿಲ್ಲದ ಸುಧಾರಣೆ ಎಂದರೆ ದಿವಾನದ ಮಧ್ಯದಿಂದ ಮಾವನವರನ್ನು ಎಬ್ಬಿಸಿ ಅತ್ತೆಯನ್ನು ಕೂರಿಸಿದ್ದು. ನಲವತ್ತು ವರ್ಷದ ದಾಂಪತ್ಯದಲ್ಲಿ ಆಗದ ಸ್ಥಾನಪಲ್ಲಟ ವಿಜ್ಞಾನದ ಹೆಸರಲ್ಲಿ ಆಯಿತು. ಮಾವ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಗೆ ಹೋದರು, ಅಲ್ಲಿಂದಲೇ ನನ್ನನ್ನು ನೋಡಿದರು.

ಆಂಪ್ಲಿಫೈಯರು ಹೊಸದೇ ಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಬೋರ್ಡು, ಟ್ರಾನ್ಸ್‌ಫಾರ್ಮರು, ಸ್ಪೀಕರು ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ. ನಮ್ಮ ಕಡೆ ಹಳೇ ರೇಡಿಯೋ ರಿಪೇರಿಯವರ ಬಳಿ ‘ಅಸೆಂಬಲ್ ಸೆಟ್’ ಅಂದರೆ ಇವತ್ತಿಗೂ ಅವರ ಕಣ್ಣು ಹೊಳೆಯುತ್ತದೆ. ‘4440 ಐಸಿ ಹಾಕ್ಲಾ, 5200-1943 ಹಾಕ್ಲಾ?’ ಅಂತ ಕೇಳುತ್ತಾರೆ. ಮೊದಲನೆಯದು ಟೇಪ್ ರೆಕಾರ್ಡರ್ ಕಾಲದ ಪುಟ್ಟ ಐಸಿ, ಎರಡನೆಯದು ಡಿಜೆಯವರು ಸಾಲಾಗಿ ಪೋಣಿಸುವ ಟ್ರಾನ್ಸಿಸ್ಟರ್ ಜೋಡಿ. ಭಾಮೈದ ಎರಡನೆಯದನ್ನೇ ತೋರಿಸುತ್ತಾನೆ ಅಂತ ಬೇರೆ ಹೇಳಬೇಕೇ? ಅವನ ಬೆರಳು ಕೆಳಗಿಳಿಸಿ, ಸೆಕೆಂಡ್ ಹ್ಯಾಂಡ್ ಸ್ಟೀರಿಯೋ ಆಂಪ್ಲಿಫೈಯರ್ ಒಂದನ್ನು ಹಿಡಿದೆವು. ಟಿವಿಯ ಡಿಜಿಟಲ್ ಸದ್ದನ್ನು ಅದರ ಹಳೇ ಕೆಂಪು-ಬಿಳಿ ಪಿನ್ನಿಗೆ ಇಳಿಸುವ ಪುಟ್ಟ ಕನ್ವರ್ಟರು ಬೇರೆ. ಟಿವಿಯ ಸೆಟ್ಟಿಂಗಿನಲ್ಲಿ ಆಡಿಯೋ ‘ಪಿಸಿಎಂ’ ಅಂತ ಇಡಬೇಕು. ಐದು ದಾರಿಯ ಆಂಪ್ಲಿಫೈಯರು ತಂದು ಎರಡೇ ಪೆಟ್ಟಿಗೆ ಕಟ್ಟುವವರಾದರೆ ಅದಕ್ಕೆ ‘ನಡುವಿನದು ಇಲ್ಲ’ ಅಂತ ಹೇಳದೆ ಬಿಡಬೇಡಿ. ಹೇಳದಿದ್ದರೆ ಮಳೆ, ಕುದುರೆ, ಬಂದೂಕು ಎಲ್ಲ ಕೇಳುತ್ತದೆ, ನಾಯಕ ಮಾತ್ರ ಬರೀ ತುಟಿ ಆಡಿಸುತ್ತಾನೆ.

ಸ್ಪೀಕರ್ ವೈರಿನ ವಿಷಯದಲ್ಲಿ ಅಂಗಡಿಯವರು ಚಿನ್ನದ ಮಾತಾಡುತ್ತಾರೆ, ನಂಬಬೇಡಿ. ಮನೆ ವೈರಿಂಗಿನ ತಾಮ್ರದ ಒಂದೂವರೆ ಎಂಎಂ ವೈರು ಸಾಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಅನ್ನುವುದನ್ನು ಮಾತ್ರ ತಪ್ಪಬಾರದು. ಒಂದು ಪೆಟ್ಟಿಗೆ ತಿರುವುಮುರುವಾದರೆ ಅದು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತದೆ, ಇಬ್ಬರ ಜಗಳದಲ್ಲಿ ಬೇಸ್ ಮಾಯ.

ನಮ್ಮಲ್ಲಿ ಒಬ್ಬರೂ ದುಡ್ಡು ಹಾಕದ ಭಾಗ ಎಂದರೆ ಕೋಣೆ. ಖಾಲಿ ನಡುಮನೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟಂಯ್’ ಅಂತ ಬಾಲ ಎಳೆದರೆ ನೀವು ಲಕ್ಷ ರೂಪಾಯಿಯ ಸೆಟ್ಟು ತಂದರೂ ಮಾತು ಕಲಸುಮೇಲೋಗರವೇ. ನೆಲಕ್ಕೆ ನುಣುಪು ಟೈಲ್ಸು, ಗೋಡೆಗೆ ಎಣ್ಣೆ ಬಣ್ಣ, ಷೋಕೇಸಿಗೆ ಗಾಜು, ಅದರೊಳಗೆ ಕಬಡ್ಡಿಯಲ್ಲಿ ಗೆದ್ದ ಸ್ಟೀಲ್ ಲೋಟ. ಸದ್ದಿಗೆ ಕೂರಲು ಜಾಗವೇ ಇಲ್ಲ. ಪಟ್ಟಣದವರು ಇದಕ್ಕೆ ಸ್ಪಂಜಿನ ಹಲಗೆ ತರಿಸುತ್ತಾರೆ. ಕುರಿ ಮೇಯುವ ಕಡೂರು ಸೀಮೆಯಲ್ಲಿ ಕಂಬಳಿಗೆ ಬರವೇ? ಎರಡು ಕರಿಕಂಬಳಿಯನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆವು, ನೆಲಕ್ಕೆ ಜಮಖಾನೆ. ಉಣ್ಣೆ ಕೀರಲು ಸದ್ದನ್ನು ನುಂಗುತ್ತದೆ, ಗುಡುಗನ್ನು ನುಂಗಲಾರದು. ಆದರೂ ಮಾತು ಬಿಡಿಸಿಕೊಂಡು ಎದುರಿಗೆ ಬಂತು. ಅಂದು ಅತ್ತೆ ಸೊಸೆಯ ಪಿಸುಮಾತನ್ನು ಮೊದಲ ಸಲ ಪೂರ್ತಿ ಕೇಳಿಸಿಕೊಂಡು, “ಇಷ್ಟೇನಾ? ಇದಕ್ಕಾ ಇಷ್ಟು ದಿನ ಕಾದಿದ್ದು?” ಅಂದರು. ಧಾರಾವಾಹಿ ಬರೆಯುವವರಿಗೆ ನಾನು ಹೊಣೆಯಲ್ಲ.

ಉಳಿದ ದುಡ್ಡಿನಲ್ಲಿ ಭಾಮೈದನ ಹಟಕ್ಕೊಂದು ಸಬ್‌ವೂಫರ್ ಬಂತು. ತಪ್ಪೇನಿಲ್ಲ, ಕೊನೆಗೆ ಬಂದರೆ ಅದೂ ಒಳ್ಳೆಯದೇ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಪೆಟ್ಟಿಗೆ ಎಲ್ಲಿದ್ದರೂ ನಡೆದೀತು. ಆದರೆ ಎಲ್ಲ ಕಡೆ ಒಂದೇ ಸಮ ಕೇಳುವುದಿಲ್ಲ. 30 ಹರ್ಟ್ಜ್ ಅಲೆಯ ಉದ್ದವೇ ಮೂವತ್ತೇಳಡಿ ದಾಟುತ್ತದೆ, ಅದು ಅಷ್ಟು ಸಣ್ಣ ಕೋಣೆಯಲ್ಲಿ ಒಂದು ಮೂಲೆಯಲ್ಲಿ ಉಬ್ಬಿ ಇನ್ನೊಂದು ಕಡೆ ಬತ್ತುತ್ತದೆ. ಸರಿಯಾದ ಜಾಗ ಹುಡುಕಲು ಬಲ್ಲವರು ಬಳಸುವ ಉಪಾಯ ಒಂದಿದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಡಿ, ಬೇಸ್ ಇರುವ ಹಾಡು ಹಾಕಿ, ನೀವು ಗೋಡೆಗುಂಟ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಗುಡುಗು ದುಂಡಗೆ ಕೇಳುತ್ತದೋ ಪೆಟ್ಟಿಗೆ ಅಲ್ಲಿಗೆ. ದಿವಾನದ ಮೇಲೆ ಸಬ್‌ವೂಫರ್ ಯಜಮಾನನಂತೆ ಕೂತಿತ್ತು. ಮೂವತ್ತು ದಾಟಿದ ಭಾಮೈದ ಪಂಚೆ ಎತ್ತಿಕಟ್ಟಿ, ಕಿವಿ ಒಡ್ಡಿ, ನೆಲದ ಮೇಲೆ ತೆವಳುತ್ತಿದ್ದ. ಅಷ್ಟರಲ್ಲಿ ಬಾಗಿಲಿಗೆ ಬಂದವರು ಅವನಿಗೆ ಹೆಣ್ಣು ಕೊಡುವ ಮಾತೆತ್ತಿದ್ದ ಶಿವನಿ ಕಡೆಯ ಹಿರಿಯರು. ಅತ್ತೆ ತಡವರಿಸಲಿಲ್ಲ. “ಉಂಗುರ ಬಿದ್ದೋಯ್ತು, ಹುಡುಕ್ತಿದಾನೆ, ಬನ್ನಿ ಕೂತ್ಕೊಳ್ಳಿ” ಅಂದರು. ಕೂರುವ ಜಾಗದಲ್ಲಿ ಸಬ್‌ವೂಫರ್ ಇತ್ತು.

ಈಗ ಅವನ ತಲೆಗೆ ಡಾಲ್ಬಿ ಅಟ್ಮೋಸ್ ಹೊಕ್ಕಿದೆ. ಸದ್ದನ್ನು ಮೇಲಕ್ಕೆ ಚಿಮ್ಮಿಸಿ ಸೂರಿನಿಂದ ಕೆಳಕ್ಕೆ ಪುಟಿಸುವ ಸ್ಪೀಕರುಗಳಂತೆ, ಹೆಲಿಕಾಪ್ಟರು ನೆತ್ತಿ ಮೇಲೇ ಹಾರುತ್ತದಂತೆ. ಪುಟಿಯಲು ಚಪ್ಪಟೆ ಸೂರು ಬೇಕಲ್ಲಪ್ಪಾ, ನಿಮ್ಮದು ಇಳಿಜಾರು ಹೆಂಚಿನ ಮನೆ, ಅರ್ಧ ಭಾಗಕ್ಕೆ ಸಂದಿ ಬಿಟ್ಟ ಹಲಗೆಯ ಅಟ್ಟ, ಸದ್ದೆಲ್ಲ ಸೀದಾ ಅಟ್ಟ ಸೇರುತ್ತೆ ಅಂದೆ. ಅಟ್ಟದ ತುಂಬ ಉಂಡೆ ಕೊಬ್ಬರಿಗೆಂದು ಹಾಕಿದ ಕಾಯಿ ಹತ್ತು ತಿಂಗಳಿಂದ ಬಲಿಯುತ್ತಿದೆ. ಅದುವರೆಗೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೌನವಾಗಿದ್ದ ಮಾವ ಎದ್ದು ಬಂದರು. ತಿರುಳು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಅಂತ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು, ಆಳಿನ ಕೂಲಿ ಏರಿ ಕೂತಿದೆ. “ಆ ದಪ್ಪ ಪೆಟ್ಟಿಗೆ ಅಟ್ಟಕ್ಕೆ ಹತ್ತಿಸಿ ಜೋರಾಗಿ ಹಾಕಿದರೆ, ಯಾವ ಕಾಯಿ ಗುಡುಗುಡು ಅಂತದೆ ಅಂತ ಇಲ್ಲಿಂದಲೇ ಗೊತ್ತಾಗುತ್ತಾ ಅಳಿಯಂದ್ರೆ?”

ವಿಚಾರಿಸಿ ಹೇಳುತ್ತೇನೆ ಅಂದಿದ್ದೇನೆ. ತಿಪಟೂರು ಮಾರ್ಕೆಟ್ಟಿಗೆ ಗಾಡಿ ಹೋಗುವುದು ಬುಧವಾರ.