ರಾಯರ ಕಣ್ಣು, ರಾಯರ ಲೆಕ್ಕ

ಅಮೆರಿಕದ ಯಾವ ಕನ್ನಡ ಸಂಘಕ್ಕೆ ಹೋದರೂ ಒಬ್ಬ ಬೇಸ್‌ಬಾಲ್ ಪಂಡಿತರು ಸಿಗುತ್ತಾರೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅವರು ನಮ್ಮ ರಾಯರು. ವೃತ್ತಿ ಡೇಟಾಬೇಸ್, ಪ್ರವೃತ್ತಿ ಯಾಂಕೀಸ್. ಯುಗಾದಿ ಪಂಕ್ತಿಯಲ್ಲಿ ಪಕ್ಕ ಕೂತವರಿಗೆ ಹೋಳಿಗೆ ಮೇಲೆ ತುಪ್ಪ ಬೀಳುವ ಮೊದಲೇ ಫೀಲ್ಡಿಂಗ್ ಅಳೆಯುವ ಪಾಠ ಬಿದ್ದಿರುತ್ತದೆ.

"ಬರೀ ಅಂಕಿ ಸಾಲದು, ಬರೀ ಕಣ್ಣೂ ಸಾಲದು. ಎರಡೂ ಸಮ ಇರಬೇಕು ಸ್ವಾಮಿ." ಇದು ಸಿದ್ಧಾಂತ. ಆಚರಣೆ ಬೇರೆ. ಎದುರಾಳಿ ರೆಡ್ ಸಾಕ್ಸ್‌ನವನು ಹಾರಿ ಚೆಂಡು ಹಿಡಿದರೆ ರಾಯರು ಫೋನ್ ತೆಗೆಯುತ್ತಾರೆ: "ಹೊರಟದ್ದೇ ತಡವಾಗಿ, ಅದಕ್ಕೇ ಹಾರಬೇಕಾಯಿತು. ಕ್ಯಾಚ್ ಪ್ರಾಬಬಿಲಿಟಿ ನೋಡಿ." ಮಾತು ಸರಿಯೇ. ಡೆರೆಕ್ ಜೀಟರ್ ಹೆಸರು ಬಂತೋ, ಫೋನ್ ಜೇಬಿಗೆ, ಕೈ ಎದೆಗೆ.

ಜೀಟರ್ ಎರಡು ಮತ್ತು ಮೂರನೇ ಬೇಸ್‌ಗಳ ನಡುವೆ ಕಾಯುತ್ತಿದ್ದ ಯಾಂಕೀಸ್ ಶಾರ್ಟ್‌ಸ್ಟಾಪ್. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಐದು ಸಲ ಗೆದ್ದವನು. ಆದರೆ ಫೀಲ್ಡಿಂಗ್‌ನಿಂದ ಉಳಿಸಿದ ರನ್‌ಗಳ ಒಟ್ಟು ಲೆಕ್ಕದಲ್ಲಿ ಮೈನಸ್. ಸ್ಟ್ಯಾಟಿಸ್ಟಿಕ್ಸ್ ಓದುವ ಮಗ ಸುಮ್ಮನಿರುವುದಿಲ್ಲ. "ಅಪ್ಪ, 2010ರಲ್ಲಿ ಅವನದು ಆರೇ ಎರರ್, ಒಪ್ಪಿದೆ. ಕೈಗೆ ಎಟುಕದ ಚೆಂಡಿಗೆ ಎರರ್ ಬರೆಯೋದೇ ಇಲ್ವಲ್ಲ!"

"2001ರಲ್ಲಿ ಓಕ್‌ಲೆಂಡ್ ಮೇಲೆ ಅಡ್ಡ ಓಡಿಬಂದು ಹೋಮ್‌ಗೆ ಚೆಂಡು ತಳ್ಳಿದನಲ್ಲ, ಅದು ಯಾವ ಕಾಲಮ್ಮಿನಲ್ಲಿದೆಯೋ?"

"ಅಸಿಸ್ಟ್ ಕಾಲಮ್ಮಿನಲ್ಲಿ. ಒಂದು."

ಸ್ಕೌಟ್‌ಗಳೆಂದರೆ ರಾಯರಿಗೆ ಭಕ್ತಿ. ಹುಡುಗನ ಮೊದಲ ಹೆಜ್ಜೆ, ಕೈಚಳಕ, ತೋಳಿನ ಬಲ ನೋಡಿ 20ರಿಂದ 80ರೊಳಗೆ ಅಂಕ ಹಾಕುವವರು ಅವರು. ಇಲ್ಲಿ ರಾಯರನ್ನು ತಳ್ಳಿಹಾಕುವಂತಿಲ್ಲ: ಒಂದೇ ಸೀಸನ್ನಿನ ಫೀಲ್ಡಿಂಗ್ ಅಂಕಿ ಬಹಳ ಅಲುಗಾಡುತ್ತದೆ, ಹೊಸ ಹುಡುಗನ ಮಟ್ಟಿಗೆ ಅನುಭವಿಯ ಕಣ್ಣೇ ಗತಿ. ಆದರೆ ಕಣ್ಣೂ ಎಡವುತ್ತದೆ. 1999ರಲ್ಲಿ ಫಸ್ಟ್ ಬೇಸ್‌ನಲ್ಲಿ ಬರೀ 28 ಪಂದ್ಯ ನಿಂತ ರಫೇಲ್ ಪಾಲ್ಮೇರೊಗೆ ಮ್ಯಾನೇಜರ್‌ಗಳೂ ಕೋಚ್‌ಗಳೂ ಸೇರಿ ಗೋಲ್ಡ್ ಗ್ಲವ್ ಕೊಟ್ಟರು. ಈ ಕಥೆಯನ್ನು ರಾಯರೇ ಖುಷಿಯಿಂದ ಹೇಳುತ್ತಾರೆ. ಪಾಲ್ಮೇರೊ ಯಾಂಕೀಸ್‌ನವನಲ್ಲ.

ಜೀಟರ್ ನಿವೃತ್ತನಾದದ್ದು 2014ರಲ್ಲಿ. ಆಟಗಾರನ ಹೆಜ್ಜೆಹೆಜ್ಜೆ ಅಳೆಯುವ ಸ್ಟ್ಯಾಟ್‌ಕಾಸ್ಟ್ ಎಲ್ಲ ಮೈದಾನಗಳಿಗೂ ಬಂದದ್ದು 2015ರಲ್ಲಿ. ಯಂತ್ರಕ್ಕೂ ಒಂದಿಷ್ಟು ಮರ್ಯಾದೆ ಗೊತ್ತಿದೆ ಎಂದು ರಾಯರ ಅಂಬೋಣ.

ಎಡಿಸನ್ ಕಡೆ ಹೋದರೆ ಅವರ ಮನೆಗೂ ಹೋಗಿಬನ್ನಿ. ಮಗನ ಪಕ್ಷ ಮಾತ್ರ ವಹಿಸಬೇಡಿ. ರಾತ್ರಿ ನಿಮ್ಮನ್ನು ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬರುವ ಕಾರು ರಾಯರದು.