ಹೌದಪ್ಪನ ಚಾವಡಿಯ ಅಲ್ಲಪ್ಪ

ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎಂದು ಗಾದೆ. ಆದರೆ ಹೌದಪ್ಪನ ಚಾವಡಿಯಲ್ಲೇ ಐವತ್ತು ವರ್ಷದಿಂದ ಬಿಡಾರ ಹೂಡಿ, ಬಾಯಿ ತೆರೆದಾಗಲೆಲ್ಲ ‘ಅಲ್ಲ’ ಎನ್ನುವ ಪ್ರಾಣಿಯೊಂದು ಇಂಗ್ಲೆಂಡಿನಲ್ಲಿದೆ. 1968ರಲ್ಲಿ ಜಾನ್ ಆಂಡರ್ಸನ್, ಕ್ರಿಸ್ ಸ್ಕ್ವೈರ್ ಮೊದಲಾದವರು ಲಂಡನ್ನಿನಲ್ಲಿ ಕಟ್ಟಿದ ‘ಯೆಸ್’ ಎಂಬ ಪ್ರೊಗ್ರೆಸಿವ್ ರಾಕ್ ತಂಡದ ಹಳೇ ಅಭಿಮಾನಿ ಈತ. ವಯಸ್ಸು ಎಪ್ಪತ್ತರ ಆಸುಪಾಸು. ಚಿತ್ರಕಾರ ರೋಜರ್ ಡೀನ್ ಬರೆದ ತಂಡದ ಹೆಸರಿನ ಬಳುಕು ಅಕ್ಷರಗಳು ಟೀ ಶರ್ಟಿನ ಮೇಲಿದ್ದು, ಹೊಟ್ಟೆಯ ಉಬ್ಬಿಗೆ ತಕ್ಕಂತೆ ಇನ್ನಷ್ಟು ಬಳುಕಿವೆ. ‘ಯೆಸ್ ಚೆನ್ನಾಗಿದೆಯಂತೆ’ ಎಂದು ಮಾತಿಗೆ ಹೇಳಿ ನೋಡಿ, ‘ಯಾವ ಯೆಸ್?’ ಎಂದು ಎದುರು ಪ್ರಶ್ನೆ ಬರುತ್ತದೆ. ನೋಡಿದವರು ಇದನ್ನು ಗೊಣಗಾಟ ಎನ್ನುತ್ತಾರೆ. ಗೊಣಗಾಟ ಹೌದು, ಆದರೆ ಆ ತಂಡದ ಖಾಯಂ ಸದಸ್ಯ ಅಂತ ಯಾರಾದರೂ ಇದ್ದರೆ ಅದು ಈ ಗೊಣಗಾಟವೇ, ಉಳಿದವರೆಲ್ಲ ಬಂದು ಹೋದವರು ಎಂಬುದು ನನ್ನ ವಾದ.

ಹಾಜರಿ ಪುಸ್ತಕ ತೆರೆದರೆ ಗೊತ್ತಾಗುತ್ತದೆ. ಡ್ರಮ್ ಬಾರಿಸುತ್ತಿದ್ದ ಬಿಲ್ ಬ್ರೂಫರ್ಡ್ 1972ರಲ್ಲಿ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮ್ಮಿನ ರೆಕಾರ್ಡಿಂಗ್ ಮುಗಿಸಿ, ಅದು ಅಂಗಡಿಗೆ ಬರುವ ಮೊದಲೇ ಕಿಂಗ್ ಕ್ರಿಮ್ಸನ್ ತಂಡಕ್ಕೆ ಎದ್ದು ಹೋದ. ಕೀಬೋರ್ಡಿನ ರಿಕ್ ವೇಕ್‌ಮನ್ ತವರಿಗೆ ಬಂದು ಹೋಗುವ ಮಗಳ ಹಾಗೆ ಮತ್ತೆ ಮತ್ತೆ ಬಂದ, ಮತ್ತೆ ಮತ್ತೆ ಹೋದ. 1980ರಲ್ಲಿ ಹಾಡುಗಾರ ಆಂಡರ್ಸನ್ನೇ ಹೊರನಡೆದಾಗ ಬಗಲ್ಸ್ ಎಂಬ ಪಾಪ್ ಜೋಡಿಯನ್ನು ತಂದು ಕೂರಿಸಿದರು. 1991ರಲ್ಲಿ ಮುನಿಸಿಕೊಂಡಿದ್ದ ಎರಡು ಬಣಗಳು ‘ಯೂನಿಯನ್’ ಎಂಬ ಆಲ್ಬಮ್ಮಿನಲ್ಲಿ ಒಂದಾಗಿ, ಎಂಟು ಮಂದಿ ಒಂದೇ ವೇದಿಕೆ ಹತ್ತಿದರು. ವೇಕ್‌ಮನ್ ಅದನ್ನು ‘ಆನಿಯನ್’ ಎಂದೇ ಕರೆಯುವುದು, ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ ಎಂಬ ಕಾರಣಕ್ಕೆ. ಸ್ಟುಡಿಯೋ ಆಲ್ಬಮ್ ಒಂದನ್ನೂ ತಪ್ಪಿಸದೆ ನುಡಿಸುತ್ತ ಬಂದಿದ್ದ ಸ್ಕ್ವೈರ್ 2015ರಲ್ಲಿ ತೀರಿಕೊಂಡ. 2018ರಲ್ಲಿ ತಂಡಕ್ಕೆ ಐವತ್ತು ತುಂಬಿದಾಗ ಯೆಸ್ ಎಂಬ ಹೆಸರಿಟ್ಟುಕೊಂಡ ಎರಡು ತಂಡಗಳು ಬೇರೆಬೇರೆ ಊರು ಸುತ್ತುತ್ತಿದ್ದವು. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರು ಒಬ್ಬನೇ ಅಜ್ಜನ ತಿಥಿಯನ್ನು ಎರಡು ಮನೆಯಲ್ಲಿ ಮಾಡಿದ ಹಾಗೆ. ನಮ್ಮ ಅಲ್ಲಪ್ಪ ಎರಡೂ ಮನೆಗೆ ಹೋಗಿ ಉಂಡ. ಎರಡೂ ಕಡೆ ಪಾಯಸ ಸರಿಯಿಲ್ಲ ಎಂದ. ಯಾವ ಎಲೆ ಬಿಟ್ಟು ಎದ್ದ ಅಂತ ಮಾತ್ರ ಕೇಳಬೇಡಿ.

ಈತ ಸಂಗೀತ ಕೇಳುವುದಿಲ್ಲ, ಲೆಕ್ಕ ಬರೆಯುತ್ತಾನೆ ಎಂಬ ಆಕ್ಷೇಪ ಉಂಟು. ಅದಕ್ಕೆ ಸಾಕ್ಷಿಯಾಗಿ ತೋರಿಸುವುದು 2015ರಲ್ಲಿ ಬಂದ ‘ಪ್ರಾಜೆನಿ’ ಎಂಬ ಪೆಟ್ಟಿಗೆಯನ್ನು. ಒಳಗೆ 14 ಸಿಡಿ. 1972ರ ಕೊನೆಯಲ್ಲಿ ಕೆನಡಾ, ಅಮೆರಿಕಗಳಲ್ಲಿ ಕೊಟ್ಟ ಏಳು ಕಾರ್ಯಕ್ರಮಗಳು ಇಡಿಯಾಗಿ. ಏಳರಲ್ಲೂ ಅವೇ ಹಾಡುಗಳು. ಕಂಡವರಿಗೆ ಇದು ಒಂದೇ ಸಾರನ್ನು ಏಳು ಲೋಟದಲ್ಲಿ ಕುಡಿದಂತೆ. ಆದರೆ ಆ ಬೇಸಿಗೆಯಲ್ಲಷ್ಟೇ ಬ್ರೂಫರ್ಡ್‌ನ ಜಾಗಕ್ಕೆ ಅಲನ್ ವೈಟ್ ಬಂದಿದ್ದ, ಕೆಲವೇ ದಿನ ಅಭ್ಯಾಸ ಮಾಡಿ ವೇದಿಕೆ ಹತ್ತಿದ್ದ. ಹೊಸಬನ ಕೈ ಬೇರೊಬ್ಬ ಕಟ್ಟಿದ ಲಯಕ್ಕೆ ರಾತ್ರಿಯಿಂದ ರಾತ್ರಿಗೆ ಹೇಗೆ ಒಗ್ಗುತ್ತ ಹೋಯಿತು ಎಂದು ತಿಳಿಯಲು ಏಳೂ ಲೋಟ ಬೇಕು. ಇದು ಲೆಕ್ಕವಲ್ಲ, ಕಿವಿ. ಅನುಮಾನವಿದ್ದರೆ ‘ಕ್ಲೋಸ್ ಟು ದಿ ಎಡ್ಜ್’ ಹಾಕಿಕೊಂಡು ಕೂತ ಆತನನ್ನು ಗಮನಿಸಿ. ಆಲ್ಬಮ್ಮಿನ ಒಂದು ಮಗ್ಗುಲನ್ನೇ ತುಂಬುವ ಹದಿನೆಂಟು ನಿಮಿಷ ದಾಟುವ ಹಾಡು. ಮೊದಲಿಗೆ ಹಕ್ಕಿಗಳ ಚಿಲಿಪಿಲಿ, ಹರಿಯುವ ನೀರು, ಬಹಳ ಸಣ್ಣಗೆ. ಹೆಂಡತಿ ಬಾಗಿಲಲ್ಲಿ ನಿಂತು ‘ಟೀ ಬೇಕಾ?’ ಅನ್ನುತ್ತಾಳೆ. ಆತ ತೋರುಬೆರಳನ್ನಷ್ಟೇ ಎತ್ತುತ್ತಾನೆ. ಅಷ್ಟರಲ್ಲಿ ಗಿಟಾರು, ಬೇಸ್, ಡ್ರಮ್ಮು ಒಟ್ಟಿಗೆ ಮೈಮೇಲೆ ಬೀಳುತ್ತವೆ. ಸಾವಿರ ಸಲ ಕೇಳಿದ್ದರೂ ಭುಜ ಜಗ್ಗುತ್ತದೆ. ವೇಕ್‌ಮನ್ ಲಂಡನ್ನಿನ ಸೇಂಟ್ ಜೈಲ್ಸ್ ಚರ್ಚಿನ ಆರ್ಗನ್ ನುಡಿಸಿದ ಜಾಗ ಬರುವಷ್ಟರಲ್ಲಿ ಟೀ ಆರಿರುತ್ತದೆ. ಹಾಡು ಮುಗಿದ ಮೇಲೆ ಆತನ ಮೊದಲ ಮಾತು: ‘ಈ ರೀಮಿಕ್ಸಿನಲ್ಲಿ ಹಕ್ಕಿ ಸ್ವಲ್ಪ ಜೋರಾಯಿತು.’

ಹಾಗಾದರೆ ಇದು ಪಂಡಿತರ ಗರ್ವವೇ? ತಮಗೆ ಮಾತ್ರ ಅರ್ಥವಾಗುವ ಗಹನವೇ? ಈ ಆರೋಪಕ್ಕೆ ಗುರಿಯಾಗುವುದು 1973ರ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’. ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರಗಳ ಬಗ್ಗೆ ಒಂದು ಅಡಿಟಿಪ್ಪಣಿ ಓದಿದ. ಅದರಿಂದ ನಾಲ್ಕು ಹಾಡು ಹುಟ್ಟಿತು, ಮಗ್ಗುಲಿಗೊಂದು, ಒಟ್ಟು ಎಂಬತ್ತು ನಿಮಿಷ. ಅಡಿಟಿಪ್ಪಣಿಗೆ ಇಷ್ಟು ಉದ್ದದ ವ್ಯಾಖ್ಯಾನ ನಮ್ಮ ಭಾಷ್ಯಕಾರರೂ ಬರೆದಿರಲಾರರು. ಅದೇ ಕೃತಿ ಮ್ಯಾಂಚೆಸ್ಟರಿನಲ್ಲಿ ನಡೆಯುತ್ತಿದ್ದಾಗ ಬೇಸತ್ತ ವೇಕ್‌ಮನ್ ವೇದಿಕೆಯ ಮೇಲೆ ಕೀಬೋರ್ಡುಗಳ ನಡುವೆಯೇ ಕೂತು ಕರಿ ತಿಂದ. ಭಾರತ ಆ ತಂಡದೊಳಕ್ಕೆ ಎರಡು ಬಾಗಿಲಿಂದ ಹೋಯಿತು ಅನ್ನಿ, ಒಂದರಿಂದ ಶಾಸ್ತ್ರ, ಇನ್ನೊಂದರಿಂದ ವಿಂಡಾಲು. ಗರ್ವಿಷ್ಠನಾಗಿದ್ದರೆ ಅಭಿಮಾನಿ ಈ ಕತೆಯನ್ನು ಮುಚ್ಚಿಡಬೇಕಿತ್ತು. ಆತನೋ ಅದನ್ನು ಮದುವೆಮನೆಯಲ್ಲಿ ತಾಂಬೂಲ ಹಂಚುವ ಹಾಗೆ ಹಂಚುತ್ತಾನೆ. ಮೂರನೇ ಮಗ್ಗುಲು ಸಹಿಸಲಾಗದು ಎಂದು ತಾನೇ ಹೇಳುತ್ತಾನೆ. ಅದೇ ಮಾತನ್ನು ನೀವು ಹೇಳಿದರೆ ಮಾತ್ರ ಮುಖ ಕೆಂಪಾಗುತ್ತದೆ. ಮಗನನ್ನು ತಾನು ಬೈಯುವುದಕ್ಕೂ ನೆರೆಯವನು ಬೈಯುವುದಕ್ಕೂ ವ್ಯತ್ಯಾಸವಿದೆಯಲ್ಲ.

ಕೊನೆಯ ಆಕ್ಷೇಪ, ಈತ ಹಳಸಿದ ಕಾಲದ ಪಳೆಯುಳಿಕೆ, ಪಂಕ್ ಬಂದು ಇವರ ಸಂಗೀತವನ್ನು ಗುಡಿಸಿಹಾಕಿತು ಎಂಬುದು. ಪಂಕ್ ಭರಾಟೆಯ 1977ರಲ್ಲೇ ಯೆಸ್‌ನ ‘ಗೋಯಿಂಗ್ ಫಾರ್ ದಿ ಒನ್’ ಬ್ರಿಟನ್ನಿನ ಆಲ್ಬಮ್ ಪಟ್ಟಿಯ ತುದಿಗೇರಿತ್ತು. ಆ ಪೊರಕೆಗೆ ಕಡ್ಡಿ ಕಡಿಮೆಯಿದ್ದಿರಬೇಕು. ಅಭಿಮಾನಿಗೆ ಪೆಟ್ಟು ಬಿದ್ದದ್ದು ಪಂಕ್‌ನಿಂದಲ್ಲ, ಗೆಲುವಿನಿಂದ. 1984ರ ಜನವರಿಯಲ್ಲಿ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಬಂತು. ಐದು ನಿಮಿಷವೂ ಇಲ್ಲದ, ಕುಣಿಯಬಹುದಾದ ಹಾಡು! ತಂಡಕ್ಕೆ ಲಕ್ಷ್ಮಿ ಒಲಿದ ದಿನ ಈತನಿಗೆ ಸೂತಕ.

ಆಮೇಲೆ ನಡೆದದ್ದು ನನ್ನ ವಾದಕ್ಕೆ ಹೇಳಿ ಮಾಡಿಸಿದಂತಿದೆ. 2008ರಲ್ಲಿ ಆಂಡರ್ಸನ್‌ನ ಜಾಗಕ್ಕೆ ಬಂದ ಬೆನ್ವಾ ದಾವೀದ್, 2012ರಲ್ಲಿ ಬಂದ ಜಾನ್ ಡೇವಿಸನ್, ಇಬ್ಬರೂ ಯೆಸ್ ಹಾಡುಗಳನ್ನೇ ಹಾಡುತ್ತಿದ್ದ ಟ್ರಿಬ್ಯೂಟ್ ತಂಡಗಳಿಂದ ಎದ್ದು ಬಂದವರು. ಸಭೆಯಲ್ಲಿ ಕೂತಿದ್ದವನೇ ಮೈಕಿಗೆ ಬಂದ ಲೆಕ್ಕ. ಹೋಗಲಿ, ಇದಕ್ಕಾದರೂ ಅಲ್ಲಪ್ಪ ಹೌದು ಎಂದನೇ? ‘ಥೇಟ್ ಆಂಡರ್ಸನ್ ಥರಾನೇ ಹಾಡ್ತಾನೆ, ಇದೇನು ಅನುಕರಣೆ’ ಎಂದ. ಎರಡನೇ ಹಾಡಿಗೆ ‘ಆಂಡರ್ಸನ್ ಥರ ಎಲ್ಲಿ ಹಾಡ್ತಾನೆ?’ ಎಂದ. ಮಧ್ಯಂತರದಲ್ಲಿ ಎದ್ದು, ಟೀ ಶರ್ಟ್ ಮಾರುವ ಮೇಜಿನ ಮುಂದೆ ಸರತಿಯಲ್ಲಿ ನಿಂತು, ಹೋದ ಸಲಕ್ಕಿಂತ ಒಂದು ಸೈಜು ದೊಡ್ಡದು ಕೇಳಿದ.